ಸಂಶೋಧನೆಯ ಆಕರ: ಮೂಲದವರೆಗೆ ಹೋಗುವ ರೂಢಿ ಬರಲಿ

ಮಾನ್ಯ ಸಂಪಾದಕರೇ,

ಸಾಗರ ತಾಲ್ಲೂಕಿನ ನಮ್ಮ ಊರಿನ ದೇವಸ್ಥಾನ ಕೆಲವು ವರ್ಷಗಳ ಹಿಂದೆ ಜೀರ್ಣೋದ್ಧಾರವಾದಾಗ ಸಮಿತಿಯವರು ಹೊರತಂದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ನಾನೊಂದು ಲೇಖನ ಬರೆದುಕೊಟ್ಟಿದ್ದೆ. ದೇವಸ್ಥಾನದ ಅಂಗಳದಲ್ಲಿ ಸಣ್ಣದೊಂದು ದಾನಶಾಸನವಿದೆ. ಅದರಲ್ಲಿನ ಶಕವರ್ಷವನ್ನು 1579 ಎಂದು ಓದಿ, ಅದಕ್ಕೆ 78 ಕೂಡಿಸಿ, ದಾನ ಕೊಟ್ಟದ್ದು ಕ್ರಿ.ಶ. 1657ರಲ್ಲಿ ಎಂದು ಬರೆದೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವರು ಬರೆದದ್ದೆಂದು ಯಾರೂ ಅದನ್ನು ಪ್ರಶ್ನಿಸಲಿಲ್ಲ.

ಕಳೆದ ಮಳೆಗಾಲದಲ್ಲಿ ಪದವಿ ಕಾಲೇಜೊಂದರ ವಿದ್ಯಾರ್ಥಿನಿ ತನ್ನ ಕಿರುಸಂಶೋಧನೆಯ ಕರಡನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅದರಲ್ಲಿ ಇದೇ ಶಾಸನದ ಪ್ರಸ್ತಾಪವಿತ್ತು. 1657 ಎಂಬ ಇಸವಿಗೆ ಅವಳು ಮೂರು ಆಕರಗಳನ್ನು ಕೊಟ್ಟಿದ್ದಳು: ಒಂದು ಪುಸ್ತಕ, ಒಂದು ಜಾಲತಾಣ, ಪತ್ರಿಕೆಯ ಪುರವಣಿಯಲ್ಲಿ ಬಂದ ಒಂದು ಲೇಖನ. ಮೂರನ್ನೂ ಎದುರಿಗಿಟ್ಟುಕೊಂಡು ಓದಿದೆ. ಮೂರರಲ್ಲಿಯೂ ನನ್ನದೇ ವಾಕ್ಯ, ನಾನು ಬಳಸಿದ ವಿಶೇಷಣಗಳ ಸಮೇತ ಇತ್ತು. ಪುಸ್ತಕದವರು ಜಾಲತಾಣವನ್ನು ನೋಡಿ ಬರೆದಿದ್ದರು, ಜಾಲತಾಣದವರು ಪುರವಣಿಯನ್ನು ನೋಡಿದ್ದರು, ಪುರವಣಿಯ ಲೇಖಕರು ನಮ್ಮ ಸ್ಮರಣ ಸಂಚಿಕೆಯನ್ನು ನೋಡಿದ್ದರು. ಹೊರಗಿನಿಂದ ಮೂರು ಸಾಕ್ಷಿಗಳಂತೆ ಕಾಣುತ್ತಿದ್ದುದು ಒಳಗೆ ಒಂದೇ ಸಾಕ್ಷಿಯಾಗಿತ್ತು, ಮತ್ತು ಆ ಸಾಕ್ಷಿ ನಾನಾಗಿದ್ದೆ.

ಆ ಹುಡುಗಿ ಕೇಳಿದ ಪ್ರಶ್ನೆಯಿಂದಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. "ಸರ್, ಕಲ್ಲಿನ ಮೇಲೆ ಜಯ ಸಂವತ್ಸರ ಅಂತ ಇದೆ ಎಂದು ನೀವೇ ಬರೆದಿದ್ದೀರಿ. ನಮ್ಮಜ್ಜ ಹುಟ್ಟಿದ್ದು ಜಯ ಸಂವತ್ಸರದಲ್ಲಿ, 1954ನೇ ಇಸವಿ. ಅಲ್ಲಿಂದ ಅರವತ್ತರ ಹಾಗೆ ಹಿಂದಕ್ಕೆ ಎಣಿಸಿದರೆ 1654 ಬರುತ್ತದೆ. 1657 ಬರುವುದೇ ಇಲ್ಲವಲ್ಲ?" ಎಂದಳು. ಸಂವತ್ಸರಗಳು ಅರವತ್ತು, ಅವು ತಪ್ಪದೆ ಸುತ್ತುತ್ತವೆ. 1657 ಹೇವಿಳಂಬಿ ಸಂವತ್ಸರ. ಶಾಸನದ ಶಕವರ್ಷವನ್ನೂ ಸಂವತ್ಸರವನ್ನೂ ತಾಳೆ ನೋಡಬೇಕೆಂಬುದು ಶಾಸನ ಓದುವವರ ಮೊದಲ ಪಾಠ. ಅದನ್ನು ತರಗತಿಯಲ್ಲಿ ಹೇಳಿಕೊಟ್ಟವನು ನಾನು, ನನ್ನ ಊರಿನ ಕಲ್ಲಿನ ಎದುರು ನಿಂತಾಗ ಮಾಡದೆ ಬಿಟ್ಟವನೂ ನಾನು.

ಮರುದಿನ ಇಬ್ಬರೂ ದೇವಸ್ಥಾನಕ್ಕೆ ಹೋಗಿ, ಅರ್ಚಕರ ಅನುಮತಿ ಪಡೆದು, ಪಾಚಿ ಕಟ್ಟಿದ್ದ ಕಲ್ಲನ್ನು ನೀರು ಹಾಕಿ ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ ತೊಳೆದೆವು. ಸಂಜೆಯಾದ ಮೇಲೆ ಬ್ಯಾಟರಿಯ ಬೆಳಕನ್ನು ಎದುರಿನಿಂದ ಬಿಡದೆ ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿದಾಗ ಸವೆದ ಗೆರೆಗಳಿಗೂ ನೆರಳು ಮೂಡಿ ಅಕ್ಷರಗಳು ಎದ್ದು ಕಂಡವು. ನಾನು ೯ ಎಂದು ಓದಿದ್ದ ಅಂಕೆ ೬ ಆಗಿತ್ತು. ಶಕ 1576, ಜಯ ಸಂವತ್ಸರ, ಕಾರ್ತಿಕ ಮಾಸ, ಅಂದರೆ ಕ್ರಿ.ಶ. 1654. ವ್ಯತ್ಯಾಸ ಮೂರೇ ವರ್ಷದ್ದೆಂದು ಕೆಲವು ಗೆಳೆಯರು ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಿಲ್ಲ. ಕಲ್ಲು ನಮ್ಮೂರಿನಲ್ಲಿಯೇ ಇದೆ, ಬಸ್ಸಿಳಿದು ಹತ್ತು ನಿಮಿಷ ನಡೆದರೆ ಸಿಗುತ್ತದೆ. ಹಾಗಿದ್ದೂ ಈ ನಡುವೆ ಬರೆದ ಮೂವರಲ್ಲಿ ಒಬ್ಬರೂ ಅದರ ಮುಂದೆ ಬಂದು ನಿಲ್ಲಲಿಲ್ಲ ಎಂಬುದೇ ನನ್ನನ್ನು ಕಾಡುತ್ತಿರುವ ಸಂಗತಿ.

ಸಂಶೋಧನೆಯಲ್ಲಿ ನಂಬಲರ್ಹ ಆಕರಗಳನ್ನು ಬಳಸಬೇಕೆಂದು ಈಗ ಎಲ್ಲ ಕಾಲೇಜುಗಳಲ್ಲಿಯೂ ಹೇಳುತ್ತಾರೆ. ಆದರೆ ಆಕರಗಳ ಸಂಖ್ಯೆಯನ್ನು ಎಣಿಸುತ್ತಾರೆಯೇ ಹೊರತು ಅವು ಎಲ್ಲಿಂದ ಬಂದವು ಎಂದು ಕೇಳುವುದಿಲ್ಲ. ವರದಿಯ ಕೊನೆಯಲ್ಲಿ ಇಪ್ಪತ್ತು ಹೆಸರುಗಳಿದ್ದರೆ ಅಂಕ ಸಿಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ತಂದ ನಿಯಮದ ಪ್ರಕಾರ ಪ್ರಬಂಧಗಳನ್ನು ಕೃತಿಚೌರ್ಯ ಪತ್ತೆಯ ತಂತ್ರಾಂಶಕ್ಕೆ ಹಾಕಬೇಕು, ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಒಳ್ಳೆಯ ನಿಯಮವೇ. ಆದರೆ ಆ ತಂತ್ರಾಂಶ ಹಿಡಿಯುವುದು ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಂಡದ್ದನ್ನು ಮಾತ್ರ. ತಪ್ಪು ಇಸವಿಯನ್ನು ಸ್ವಂತ ವಾಕ್ಯದಲ್ಲಿ ಬರೆದರೆ ಅದು ನಿರಾತಂಕವಾಗಿ ಪಾಸಾಗುತ್ತದೆ. ಹಣ ಕಟ್ಟಿದರೆ ಕೆಲವೇ ದಿನಗಳಲ್ಲಿ ಪ್ರಬಂಧ ಅಚ್ಚು ಹಾಕಿಕೊಡುವ ನಿಯತಕಾಲಿಕಗಳ ಹಾವಳಿಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಯುಜಿಸಿ ಒಪ್ಪಿತ ನಿಯತಕಾಲಿಕಗಳ ತನ್ನ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲಂತೂ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ತೂರಿ ನೋಡುವ ಹೊಣೆ ಪೂರ್ತಿಯಾಗಿ ವಿಶ್ವವಿದ್ಯಾಲಯ ಮತ್ತು ಮಾರ್ಗದರ್ಶಕರ ಮೇಲೆಯೇ ಬಿದ್ದಿದೆ.

ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ ಮೂಲ ಆಕರಗಳು ದೂರದಲ್ಲಿಲ್ಲ. ಬಿ. ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಮತ್ತು ಎಂಟನೆಯ ಸಂಪುಟಗಳು ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೇ ಮೀಸಲು. 1902 ಮತ್ತು 1904ರಲ್ಲಿ ಪ್ರಕಟವಾದ ಅವುಗಳನ್ನು ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ಮೊಬೈಲ್‌ನಲ್ಲಿಯೇ ಓದಬಹುದು. ತಾಲ್ಲೂಕುವಾರು ಕ್ರಮಸಂಖ್ಯೆ ಇರುವುದರಿಂದ ಹುಡುಕುವುದೂ ಸುಲಭ. ತಾಳಗುಂದದ ಪ್ರಸಿದ್ಧ ಸ್ತಂಭಶಾಸನ ಬೇಕೆಂದರೆ ಶಿಕಾರಿಪುರ 176 ಎಂದು ತೆಗೆದು ನೋಡಿದರೆ ಪಾಠ, ಲಿಪ್ಯಂತರ, ಇಂಗ್ಲಿಷ್ ಅನುವಾದ ಎಲ್ಲವೂ ಸಿಗುತ್ತವೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಡೋಲೆ, ಕಡತಗಳಿವೆ. ಇಷ್ಟಿದ್ದರೂ ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಬಗ್ಗೆ ಬರೆಯುವವರಲ್ಲಿ ಬಹಳಷ್ಟು ಮಂದಿ ಬೆಳ್ಳಿತೆರೆಯಲ್ಲಿ ಕಂಡ ದೃಶ್ಯಗಳನ್ನೇ ಇತಿಹಾಸವೆಂದು ಬರೆಯುತ್ತಾರೆ.

ಮೂಲಕ್ಕೆ ಹೋದ ಮಾತ್ರಕ್ಕೆ ಕೆಲಸ ಮುಗಿಯಿತೆಂದೂ ಹೇಳಲಾರೆ. ಕಂಚಿಗೆ ವಿದ್ಯಾರ್ಜನೆಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಅಶ್ವಾರೋಹಿಯೊಂದಿಗೆ ಜಗಳವಾಗಿ, ಅವಮಾನದಿಂದ ಕುದಿದು, ದರ್ಭೆ ಹಿಡಿಯುವ ಕೈಯಲ್ಲಿ ಖಡ್ಗ ಹಿಡಿದ ಕಥೆ ನಮಗೆ ತಿಳಿದಿರುವುದು ತಾಳಗುಂದದ ಆ ಸ್ತಂಭದಿಂದ. ಅದನ್ನು ರಚಿಸಿದ ಕವಿ ಕುಬ್ಜ. ಬರೆಸಿದ ಶಾಂತಿವರ್ಮ ಮಯೂರನದೇ ವಂಶದ ಅರಸ, ಸುಮಾರು ಒಂದು ಶತಮಾನ ಕಳೆದ ಮೇಲಿನವನು. ತನ್ನ ವಂಶದ ಮೂಲಪುರುಷನನ್ನು ಹೊಗಳಿಸುವ ಅರಸ, ಅದಕ್ಕಾಗಿ ಶ್ಲೋಕ ಕಟ್ಟುವ ಆಸ್ಥಾನಕವಿ ಇವರಿಬ್ಬರ ಉದ್ದೇಶವನ್ನು ಗಮನದಲ್ಲಿಟ್ಟುಕೊಂಡೇ ಆ ಕಲ್ಲನ್ನು ಓದಬೇಕಾಗುತ್ತದೆ. ಕದಂಬರ ವಂಶಾವಳಿಗೆ ಅದಕ್ಕಿಂತ ದೊಡ್ಡ ಆಧಾರವಿಲ್ಲ. ಕಂಚಿಯ ಬೀದಿಯಲ್ಲಿ ಆ ದಿನ ನಡೆದದ್ದೇನು ಎಂಬುದಕ್ಕೆ ಅದು ತುಂಬ ತಡವಾಗಿ ಬಂದ, ಒಂದು ಕಡೆಯವರ ಹೇಳಿಕೆ. ಒಂದೇ ಆಕರ ಒಂದು ಪ್ರಶ್ನೆಗೆ ಬಲವಾಗಿಯೂ ಇನ್ನೊಂದಕ್ಕೆ ದುರ್ಬಲವಾಗಿಯೂ ಇರಬಹುದು ಎಂಬ ಈ ಸೂಕ್ಷ್ಮವನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡುತ್ತಿಲ್ಲ. ತಾಳಗುಂದದ್ದೇ ಸಿಂಹಕಟಾಂಜನ ಶಾಸನವನ್ನು ಕ್ರಿ.ಶ. 370ರದ್ದೆಂದು ಪುರಾತತ್ವ ಇಲಾಖೆಯವರು ಅಭಿಪ್ರಾಯಪಟ್ಟಾಗ ಕನ್ನಡದ ಅತಿ ಹಳೆಯ ಶಾಸನವೆನಿಸಿದ್ದ ಹಲ್ಮಿಡಿಯನ್ನು ಹಿಂದಿಕ್ಕಿದೆವೆಂದು ಸಂಭ್ರಮಿಸಿದ ಬರಹಗಳು ಬಂದವು. ಹಲ್ಮಿಡಿ ಶಾಸನದಲ್ಲಿ ಕಾಲವನ್ನು ಕೆತ್ತಿಲ್ಲ, 450 ಎಂಬುದು ಲಿಪಿಯ ಸ್ವರೂಪ ನೋಡಿ ವಿದ್ವಾಂಸರು ಹೇಳಿದ ಅಂದಾಜು ಎಂಬುದನ್ನು ಆ ಬರಹಗಳಲ್ಲಿ ನಾನು ಓದಿದವು ಯಾವುವೂ ತಿಳಿಸಲಿಲ್ಲ.

ಇತಿಹಾಸದಲ್ಲಿ ಇಸವಿ ತಪ್ಪಿದರೆ ಯಾರ ಜೀವಕ್ಕೂ ಅಪಾಯವಿಲ್ಲ ಎನ್ನುವವರಿದ್ದಾರೆ. ಅವರು ಮಂಗನ ಕಾಯಿಲೆಯ ವಿಷಯವನ್ನು ನೋಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿ, ಜನರೂ ಜ್ವರದಿಂದ ಮಲಗಿದಾಗ, ಸೊಳ್ಳೆಯಿಂದ ಹರಡುವ, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ನಮ್ಮ ದೇಶಕ್ಕೂ ಕಾಲಿಟ್ಟಿತೇ ಎಂಬ ಅನುಮಾನ ಮೊದಲು ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆ ಊಹೆಯನ್ನೇ ವರದಿ ಮಾಡಿ ಸುಮ್ಮನಾಗದೆ, ಸತ್ತ ಮಂಗಗಳಿಂದ, ರೋಗಿಗಳಿಂದ, ಕಾಡಿನ ಉಣುಗುಗಳಿಂದ ಮಾದರಿಗಳನ್ನು ತೆಗೆದು ಪರೀಕ್ಷಿಸಿದ್ದರಿಂದಲೇ ಇದು ಬೇರೆಯೇ ವೈರಸ್, ಉಣುಗಿನಿಂದ ಹರಡುವಂಥದ್ದು ಎಂದು ತಿಳಿಯಿತು. ಊಹೆಗೇ ಅಂಟಿಕೊಂಡಿದ್ದರೆ ನಾವು ಸೊಳ್ಳೆಗೆ ಹೊಗೆ ಹಾಕುತ್ತ ಕೂತಿರುತ್ತಿದ್ದೆವು.

ಅದೇ ಕಾಯಿಲೆಯ ಲಸಿಕೆಯ ಕಥೆ ಆಕರದ ವಯಸ್ಸನ್ನು ನೋಡಬೇಕಾದದ್ದು ಏಕೆ ಎಂದು ತೋರಿಸುತ್ತದೆ. 1994ರಲ್ಲಿ ಪ್ರಕಟವಾದ ಅಧ್ಯಯನ ಎರಡು ಡೋಸ್ ಪಡೆದವರಲ್ಲಿ ಲಸಿಕೆ ಶೇ 93.5ರಷ್ಟು ಪರಿಣಾಮಕಾರಿ ಎಂದಿತ್ತು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎರಡು ಡೋಸ್‌ಗಳ ಪರಿಣಾಮ ಶೇ 62.4ಕ್ಕೆ ಇಳಿದಿತ್ತು, ಬೂಸ್ಟರ್ ಪಡೆದವರಲ್ಲಿ ಅದು ಶೇ 82.9 ಇತ್ತು. ಲಸಿಕೆಯ ಸಾಮರ್ಥ್ಯ ಸಾಲದೆಂದು 2022ರಲ್ಲಿ ಅದರ ಬಳಕೆಯನ್ನೇ ನಿಲ್ಲಿಸಲಾಯಿತು. ಎರಡೂ ಅಧ್ಯಯನಗಳು ನಂಬಲರ್ಹವೇ, ಯಾವುದೂ ಸುಳ್ಳು ಹೇಳಿಲ್ಲ. ಆದರೆ 1994ರದ್ದನ್ನು ಮಾತ್ರ ಓದಿ ವರದಿ ಬರೆದ ವಿದ್ಯಾರ್ಥಿ, ದರಗಿಗೋ (ಒಣ ಎಲೆ) ಸೌದೆಗೋ ಕಾಡಿಗೆ ಹೋಗುವವರಿಗೆ ಇಂದು ಇಲ್ಲದ ರಕ್ಷಣೆಯ ಭರವಸೆ ಕೊಟ್ಟಂತಾಗುತ್ತದೆ. 2019ರ ಆಸುಪಾಸಿನಲ್ಲಿ ಅರಳಗೋಡಿನ ಸುತ್ತಮುತ್ತ ಆದ ಸಾವುಗಳನ್ನು ಹತ್ತಿರದಿಂದ ಕಂಡ ನಮ್ಮ ತಾಲ್ಲೂಕಿನವರಿಗೆ ಇದರ ಗಂಭೀರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅಡಿಕೆಯ ವಿಷಯ. ಇದನ್ನು ಬರೆಯಲು ನನಗೆ ಸಂಕೋಚವಿದೆ, ಏಕೆಂದರೆ ನನ್ನನ್ನು ಓದಿಸಿದ್ದು ಅಡಿಕೆ ತೋಟ, ಇಂದಿಗೂ ನಮ್ಮ ಮನೆಯ ಊಟ ಅದರದ್ದೇ. ಅಡಿಕೆ ಕ್ಯಾನ್ಸರ್‌ಕಾರಕ ಎಂಬ ಸುದ್ದಿ ಬಂದಾಗಲೆಲ್ಲ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ 'ಅದು ಗುಟ್ಕಾದ ತಪ್ಪು, ಅಡಿಕೆಯದಲ್ಲ ಎಂದು ಸಂಶೋಧನೆ ಹೇಳಿದೆ' ಎಂಬ ಸಂದೇಶ ಓಡಾಡುತ್ತದೆ. ಯಾವ ಸಂಶೋಧನೆ, ಯಾರು ಮಾಡಿದ್ದು, ಎಲ್ಲಿ ಪ್ರಕಟವಾದದ್ದು ಎಂದು ಕೇಳಿದರೆ ಉತ್ತರವಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ 85ನೆಯ ಸಂಪುಟ ಇದೇ ವಿಷಯದ್ದು. ಅದರಲ್ಲಿ ತಂಬಾಕು ಸಹಿತ ಎಲೆಅಡಿಕೆ, ತಂಬಾಕು ರಹಿತ ಎಲೆಅಡಿಕೆ, ಅಡಿಕೆ ಎಂದು ಬೇರೆ ಬೇರೆಯಾಗಿಯೇ ವಿಚಾರ ಮಾಡಿ ಮೂರನ್ನೂ ಮೊದಲನೆಯ ಗುಂಪಿಗೆ ಸೇರಿಸಿದ್ದಾರೆ. ತಂಬಾಕನ್ನು ಬೇರ್ಪಡಿಸಿ ನೋಡಲಿಲ್ಲ ಎಂಬ ನಮ್ಮ ದೂರು ಆ ಪುಸ್ತಕವನ್ನು ತೆರೆದು ನೋಡಿದರೆ ನಿಲ್ಲುವುದಿಲ್ಲ.

ಅದೇ ಪುಸ್ತಕವನ್ನು ಸರಿಯಾಗಿ ಓದಿದರೆ ನಮ್ಮ ಎದುರಾಳಿಗಳ ಅತಿರೇಕವೂ ನಿಲ್ಲುವುದಿಲ್ಲ ಎಂಬುದನ್ನು ಸೇರಿಸಿ ಹೇಳಬೇಕು. ಮೊದಲನೆಯ ಗುಂಪು ಎಂದರೆ ಕ್ಯಾನ್ಸರ್ ಬರಿಸುತ್ತದೆ ಎಂಬುದಕ್ಕೆ ಸಾಕಷ್ಟು ಸಾಕ್ಷ್ಯವಿದೆ ಎಂದು ಅರ್ಥ, ಎಷ್ಟು ಪ್ರಮಾಣದಲ್ಲಿ ಅಪಾಯ ಎಂಬ ಲೆಕ್ಕ ಅದಲ್ಲ. ಬಿಸಿಲೂ ಅದೇ ಗುಂಪಿನಲ್ಲಿದೆ. ಮದುವೆಮನೆಯಲ್ಲಿ ಒಮ್ಮೆ ಕವಳ ಹಾಕಿದವರನ್ನೂ ದಿನವಿಡೀ ಬಾಯಲ್ಲಿ ಅಡಿಕೆ ಇಟ್ಟುಕೊಳ್ಳುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಸುದ್ದಿಗಳಿಗೆ ಆ ಸಂಪುಟದ ಬೆಂಬಲವಿಲ್ಲ. ಬೆಳೆಗಾರರ ಪರವಾಗಿ ವಾದ ಮಾಡಬೇಕಾದವರು ಈ ನೆಲದ ಮೇಲೆ ನಿಂತು ಮಾಡಲಿ. ನಮಗೆ ಹಿತವಾದ ಮಾತನ್ನು ಆಕರವಿಲ್ಲದೆ ಒಪ್ಪಿ, ಅಹಿತವಾದ ಮಾತಿಗೆ ಮಾತ್ರ ಆಕರ ಕೇಳುವುದು ನ್ಯಾಯವಲ್ಲ, ಅದರಿಂದ ತೋಟವೂ ಉಳಿಯುವುದಿಲ್ಲ.

ತೋಟದ ಕೆಲಸದಲ್ಲಿ ನಾವು ಇಷ್ಟು ಉದಾಸೀನರಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮೊದಲು ಒಂದು ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕೆ.ಜಿ. ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆ ಕರಗಿಸಿ ಕೂಡಿಸುತ್ತೇವೆ. ಅಷ್ಟಕ್ಕೇ ಪಂಪು ಚಾಲೂ ಮಾಡುವುದಿಲ್ಲ. ತಿಕ್ಕಿ ತೊಳೆದ ಕಬ್ಬಿಣದ ಕತ್ತಿಯನ್ನು ಡ್ರಮ್ಮಿನಲ್ಲಿ ಸ್ವಲ್ಪ ಹೊತ್ತು ಅದ್ದಿ ಎತ್ತುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಎಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಮತ್ತೆ ಅದ್ದಿ ನೋಡುತ್ತೇವೆ. ಹಾಗೆಯೇ ಹೊಡೆದರೆ ಅಡಿಕೆಗೊನೆ ಸುಟ್ಟುಹೋಗುತ್ತದೆಂಬ ಭಯ ನಮಗಿದೆ. ಸುಣ್ಣ ಕೊಟ್ಟ ಅಂಗಡಿಯವರು ಪರಿಚಿತರು, ಅಳತೆ ಪುಸ್ತಕದಲ್ಲಿದ್ದಂತೆಯೇ ಇದೆ ಎಂಬ ಕಾರಣಕ್ಕೆ ಕತ್ತಿ ಅದ್ದುವುದನ್ನು ಯಾರೂ ಬಿಡುವುದಿಲ್ಲ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದ ನಮ್ಮ ಹಿರಿಯರು ಇದೇ ಬಗೆಯ ಬದುಕಿನಿಂದ ಆ ಮಾತನ್ನು ಎತ್ತಿಕೊಂಡಿರಬೇಕು. ಡ್ರಮ್ಮಿನ ಎದುರು ನಿಂತಾಗ ಇರುವ ಈ ಎಚ್ಚರ ಮೊಬೈಲ್ ಹಿಡಿದಾಗ, ಪ್ರಬಂಧ ಬರೆಯಲು ಕೂತಾಗ ಎಲ್ಲಿ ಹೋಗುತ್ತದೆ ಎಂದು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ.

ಈಚೆಗೆ ಇನ್ನೊಂದು ತೊಡಕು ಬಂದಿದೆ. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳನ್ನು ಕೇಳಿ ಬರೆದ ವರದಿಗಳಲ್ಲಿ ಇಲ್ಲದ ಪುಸ್ತಕಗಳ ಹೆಸರುಗಳು ಬರುತ್ತಿವೆ. ನನ್ನ ಬಳಿಗೆ ಬಂದ ಒಂದು ವರದಿಯಲ್ಲಿ ಕೆಳದಿ ಅರಸರ ಕಂದಾಯ ವ್ಯವಸ್ಥೆಯ ಬಗ್ಗೆ ಒಂದು ಗ್ರಂಥದ ಹೆಸರು, ಪ್ರಕಾಶಕರು, ಪುಟಸಂಖ್ಯೆ ಎಲ್ಲ ಇದ್ದವು. ಎರಡು ಗ್ರಂಥಾಲಯಗಳಲ್ಲಿ ಹುಡುಕಿಸಿದೆ, ಪರಿಚಯದ ವಿದ್ವಾಂಸರನ್ನು ವಿಚಾರಿಸಿದೆ. ಅಂಥ ಪುಸ್ತಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹುಡುಗನಿಗೆ ಮೋಸದ ಉದ್ದೇಶವಿರಲಿಲ್ಲ, ಪುಟಸಂಖ್ಯೆ ಇರುವ ಪುಸ್ತಕ ಇಲ್ಲದಿರಲು ಸಾಧ್ಯವೆಂದು ಅವನಿಗೆ ಹೊಳೆದೇ ಇರಲಿಲ್ಲ. ಆ ಆ್ಯಪ್‌ಗಳನ್ನಾಗಲಿ ವಿಕಿಪೀಡಿಯವನ್ನಾಗಲಿ ಮುಟ್ಟಬಾರದೆಂದು ನಾನು ಹೇಳುವುದಿಲ್ಲ. ವಿಕಿಪೀಡಿಯದ ಪುಟದ ಅಡಿಯಲ್ಲಿರುವ ಟಿಪ್ಪಣಿಗಳು ಎಷ್ಟೋ ಸಲ ನನ್ನನ್ನು ಒಳ್ಳೆಯ ಪ್ರಬಂಧಗಳಿಗೆ ಕರೆದೊಯ್ದಿವೆ. ಅವು ದಾರಿ ತೋರಿಸಬಹುದು. ಆ ದಾರಿಯಲ್ಲಿ ನಡೆದು ಹೋಗಿ, ಮೂಲದ ಪುಟವನ್ನು ಕಣ್ಣಾರೆ ಕಂಡು, ಕಂಡದ್ದನ್ನು ಮಾತ್ರ ಉಲ್ಲೇಖಿಸಬೇಕು.

ಅಚ್ಚಾದದ್ದು ಮಾತ್ರ ನಂಬಲರ್ಹ ಎಂಬ ತಪ್ಪು ತಿಳಿವಳಿಕೆಯೂ ಬೇಡ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಊರು ಬಿಟ್ಟು ಬಂದವರಲ್ಲಿ ಬದುಕಿರುವವರು ಇನ್ನು ಕೆಲವೇ ಮಂದಿ. ಮುಳುಗಡೆಯಾದ ಊರಿನಲ್ಲಿ ಯಾರ ಮನೆ ಎಲ್ಲಿತ್ತು, ಯಾವ ಹೊಳೆದಂಡೆಯಲ್ಲಿ ದೇವರ ಬನವಿತ್ತು ಎಂಬುದಕ್ಕೆ ಅವರಿಗಿಂತ ದೊಡ್ಡ ಆಕರವಿಲ್ಲ. ಆದರೆ ಅವರನ್ನು ಮಾತಾಡಿಸುವಾಗ ಕಂಡದ್ದೋ, ಕೇಳಿದ್ದೋ ಎಂದು ಪ್ರತಿ ಸಂಗತಿಗೂ ವಿನಯದಿಂದ ಕೇಳಬೇಕು, ಅವರು ಆಗ ಎಷ್ಟು ವರ್ಷದವರಾಗಿದ್ದರು ಎಂದು ಬರೆದುಕೊಳ್ಳಬೇಕು, ಮಾತಾಡಿಸಿದ ದಿನಾಂಕ ಹಾಕಬೇಕು. ಇಷ್ಟು ಮಾಡಿದ ಒಂದು ನೋಟ್‌ಬುಕ್ ಎಷ್ಟೋ ಅಚ್ಚಾದ ಪುಸ್ತಕಗಳಿಗಿಂತ ಬೆಲೆಯುಳ್ಳದ್ದು. ಈ ಕೆಲಸಕ್ಕೆ ಉಳಿದಿರುವ ಸಮಯ ಬಹಳ ಕಡಿಮೆ.

ಕಾಲೇಜುಗಳ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಮೌಖಿಕ ಪರೀಕ್ಷೆಯ ದಿನ ವಿದ್ಯಾರ್ಥಿ ಕೊಟ್ಟ ಆಕರಗಳಲ್ಲಿ ಯಾವುದಾದರೂ ಒಂದನ್ನು ನೀವೇ ಆರಿಸಿ, ಆ ಪುಟವನ್ನು ತೋರಿಸು ಎಂದು ಕೇಳಿ. ಇಪ್ಪತ್ತರ ಪಟ್ಟಿ ಐದಕ್ಕೆ ಇಳಿಯಬಹುದು, ಇಳಿಯಲಿ. ತಾಲ್ಲೂಕು ಕೇಂದ್ರಗಳ ಗ್ರಂಥಾಲಯಗಳಲ್ಲಿ ಜಿಲ್ಲೆಯ ಶಾಸನ ಸಂಪುಟಗಳ, ಗೆಜೆಟಿಯರ್‌ಗಳ ಒಂದೊಂದು ಪ್ರತಿಯನ್ನಾದರೂ ಮುದ್ರಿಸಿ ಇಡುವ ವ್ಯವಸ್ಥೆಯಾಗಬೇಕು. ಸಿಗ್ನಲ್ ಇಲ್ಲದ ಊರುಗಳು ಮಲೆನಾಡಿನಲ್ಲಿ ಇನ್ನೂ ಬೇಕಾದಷ್ಟಿವೆ. ಪತ್ರಿಕೆಯವರಾದ ತಮ್ಮಲ್ಲಿಯೂ ಒಂದು ವಿನಂತಿ: 'ಸಂಶೋಧನೆಯೊಂದು ಹೇಳಿದೆ' ಎಂದು ಸುದ್ದಿ ಪ್ರಕಟಿಸುವಾಗ ಆ ಸಂಶೋಧನೆ ಯಾರದು, ಯಾವ ವರ್ಷದ್ದು, ಎಲ್ಲಿ ಪ್ರಕಟವಾದದ್ದು, ಹಣ ಕೊಟ್ಟವರು ಯಾರು ಎಂಬ ಒಂದು ಸಾಲನ್ನು ಸುದ್ದಿಯ ಕೆಳಗೆ ಹಾಕಿ. ಆ ಒಂದು ಸಾಲು ಓದುಗರಿಗೆ ಮೂಲದವರೆಗೆ ಹೋಗುವ ಹಾದಿಯಾಗುತ್ತದೆ.

ನನ್ನ ಪಾಲಿನ ಕೆಲಸವನ್ನು ನಾನು ಆರಂಭಿಸಿದ್ದೇನೆ. ದೇವಸ್ಥಾನ ಸಮಿತಿಗೆ ತಿದ್ದುಪಡಿಯ ಪತ್ರ ಕೊಟ್ಟಿದ್ದೇನೆ, ಪುಸ್ತಕದ ಲೇಖಕರಿಗೂ ಜಾಲತಾಣದವರಿಗೂ ಬರೆದಿದ್ದೇನೆ. ಕಲ್ಲಿನ ಪಡಿಯಚ್ಚಿನ ಒಂದು ಪ್ರತಿ ಆ ವಿದ್ಯಾರ್ಥಿನಿಯ ವರದಿಯಲ್ಲಿ ಸೇರಿದೆ, ಸರಿಯಾದ ಓದು ಅವಳದೆಂದು ಅಲ್ಲಿ ದಾಖಲಾಗಿದೆ. ಸ್ಮರಣ ಸಂಚಿಕೆಯ ಪ್ರತಿಗಳು ಮಾತ್ರ ಯಾರ ಯಾರ ಮನೆಯ ಕಪಾಟಿನಲ್ಲಿವೆಯೋ ನನಗೆ ತಿಳಿಯದು. ಅದನ್ನು ಇಟ್ಟುಕೊಂಡಿರುವವರು ನನ್ನ ಲೇಖನದಲ್ಲಿ ಶಕ 1579, ಕ್ರಿ.ಶ. 1657 ಎಂದಿರುವುದನ್ನು ಹೊಡೆದುಹಾಕಿ, ಶಕ 1576, ಕ್ರಿ.ಶ. 1654 ಎಂದು ಪೆನ್ನಿನಲ್ಲಿ ತಿದ್ದಿಕೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ಪ್ರಾರ್ಥಿಸುತ್ತೇನೆ.

ಇತಿ,
ನಿವೃತ್ತ ಇತಿಹಾಸ ಅಧ್ಯಾಪಕ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ